ಕಂಟೆವ್ವನ ಮಾಗಿ ನಿದ್ದೆ

ಬಂಡೆಗುಡ್ಡದ ಕುರುಚಲು ಕಾಡಿನಲ್ಲಿ, ಕಾರೆ ಪೊದೆಯ ಮಗ್ಗುಲಿಗೆ, ಗೆದ್ದಲು ಬಿಟ್ಟುಹೋದ ಒಂದು ಹಳೆಯ ಹುತ್ತವಿತ್ತು. ಹುತ್ತ ಎಂದ ಕೂಡಲೇ ಹಾವೆಲ್ಲಿ ಎಂದು ಕೇಳಬೇಡಿ ಮಕ್ಕಳೇ, ಈ ಕತೆಯಲ್ಲಿ ಹಾವಿಲ್ಲ. ಅಲ್ಲಿ ನಾಲ್ಕಾರು ಇಲಿ ಸಂಸಾರಗಳಿದ್ದವು, ಜೊತೆಗೆ ಕಂಟೆವ್ವ ಎಂಬ ಮುಳ್ಳಿಲಿ ಇತ್ತು. ಮುಳ್ಳುಹಂದಿ ಅಂತ ಓದಿಕೊಂಡು ಮುಂದೆ ಓಡಬೇಡಿ. ಮುಳ್ಳಿಲಿ ನಿಮ್ಮ ಬೊಗಸೆಯಲ್ಲಿ ಕೂರುವಷ್ಟು ಸಣ್ಣ ಪ್ರಾಣಿ. ಬೆನ್ನ ತುಂಬ ಗಿಡ್ಡ ಮುಳ್ಳು, ಮುಂದೆ ಮೊನಚು ಮೂತಿ. ಹೆದರಿದರೆ ಮೂತಿ, ಕಾಲು ಎಲ್ಲ ಒಳಗೆಳೆದುಕೊಂಡು ಚೆಂಡಾಗಿಬಿಡುತ್ತದೆ.

ಹುತ್ತಕ್ಕೆ ಉಳಿದಿದ್ದದ್ದು ಒಂದೇ ಬಾಗಿಲು. ಬಾಗಿಲಿನಿಂದ ಇಕ್ಕಟ್ಟಾದ ಒಂದು ಓಣಿ, ಓಣಿ ದಾಟಿದರೆ ಮರಿಗಳು ಮಲಗುವ ದೊಡ್ಡ ಕೋಣೆ. ಹಾಗಾಗಿ ಬಾಗಿಲು ಕಾಯಲು ಎಲ್ಲರಿಗೂ ಪಾಳಿಯಿತ್ತು. ಮೂರು ಪಾಳಿ ತಪ್ಪಿಸಿದವರು ಹುತ್ತ ಬಿಟ್ಟು ಹೊರಡಬೇಕು. ಅದು ಅಲ್ಲಿಯ ಕಟ್ಟಳೆ.

ಆ ವರ್ಷ ಪಾಳಿಯ ಉಸ್ತುವಾರಿ ಅಳಿಲು ಗೀರಪ್ಪನದು. ಅವನ ಗೂಡು ಹುತ್ತದ ಮೇಲೆ ಬಾಗಿದ್ದ ಜಾಲಿ ಮರದಲ್ಲಿತ್ತು. ಕೆಟ್ಟವನೇನಲ್ಲ. ಆದರೆ ತಾನು ಎದ್ದಾಗ ಲೋಕವೆಲ್ಲ ಏಳಬೇಕು, ತಾನು ಓಡಿದಾಗ ಲೋಕವೆಲ್ಲ ಓಡಬೇಕು ಎನ್ನುವ ಜಾತಿ. ನಿಮ್ಮ ಮನೆಯಲ್ಲೂ ಅಂಥವರು ಒಬ್ಬರಿರಬಹುದು, ಹೆಸರು ಹೇಳಬೇಡಿ.

ಮಳೆಗಾಲ ಪೂರ್ತಿ ರಾತ್ರಿಯ ಕಾವಲು ಕಂಟೆವ್ವನೇ ಮಾಡಿದ್ದಳು. ಆಗ ದೀಪದಹುಳು, ಜೀರುಂಡೆ, ಎರೆಹುಳು ಎಲ್ಲಾ ಬೇಕಾದಷ್ಟು. ತಿನ್ನುತ್ತಾ ಕಾಯುತ್ತಿದ್ದಳು, ಕಾಯುತ್ತಾ ದಪ್ಪಗಾಗುತ್ತಿದ್ದಳು. ಗೀರಪ್ಪನೂ ಶಹಬ್ಬಾಸ್ ಎನ್ನುತ್ತಿದ್ದ.

ಆಮೇಲೆ ಮಾಗಿ ಬಂತು. ಗುಡ್ಡದ ಮೇಲೆ ಇಬ್ಬನಿ ಸುರಿಯಿತು, ಹುಳುಗಳು ಕಾಣೆಯಾದವು. ಕಂಟೆವ್ವನ ಕಣ್ಣು ತಾನಾಗಿಯೇ ಮುಚ್ಚತೊಡಗಿತು. ಒಂದು ದಿನ ಮಲಗಿದವಳು ಮೂರನೆಯ ದಿನವೂ ಏಳಲಿಲ್ಲ. ಒಂದು ಪಾಳಿ ತಪ್ಪಿತು. ಎರಡನೆಯದೂ ತಪ್ಪಿತು.

ಗೀರಪ್ಪ ಸಿಟ್ಟಿನಿಂದ ಒಳಗೆ ನುಗ್ಗಿ, ಅವಳ ಕಿವಿಯ ಹತ್ತಿರ ಚಿಂವ್‌ಗುಟ್ಟಿದ. ಏಳದಿದ್ದಾಗ ಎಲೆಯಲ್ಲಿ ಇಬ್ಬನಿ ತಂದು ಮುಖಕ್ಕೆ ಚೆಲ್ಲಿದ. ಕಂಟೆವ್ವ ಗಡಗಡ ನಡುಗುತ್ತಾ, ಎಷ್ಟೋ ಹೊತ್ತು ಕಳೆದ ಮೇಲೆ ಕಣ್ಣು ಬಿಟ್ಟಳು. ಮರುದಿನವೂ ಹೀಗೇ ಎಬ್ಬಿಸಿದ. ಅದರ ಮರುದಿನವೂ ಬಿಡಲಿಲ್ಲ. ಪ್ರತಿ ಸಲ ಎದ್ದಾಗಲೂ ಅವಳು ಇನ್ನಷ್ಟು ಸೊರಗಿದ್ದಳು.

ಕೊನೆಗೆ ಜಾಲಿ ಮರದ ಬುಡದಲ್ಲಿ ಸಭೆ ಸೇರಿತು. ಗೀರಪ್ಪ ಬಾಲ ಕುಣಿಸುತ್ತಾ ಮಾತು ಶುರು ಮಾಡಿದ. ಇದೇ ಚಳಿಯಲ್ಲಿ ತಾನು ಹೊತ್ತು ಹುಟ್ಟುವ ಮುಂಚೆ ಏಳುತ್ತೇನೆ, ಕಾಯಿ ಬಿಡಿಸುತ್ತೇನೆ, ಗೂಡಿಗೆ ನಾರು ಹೊರುತ್ತೇನೆ; ಈ ಕುಂಭಕರ್ಣನ ತಂಗಿಗೆ ಮಾತ್ರ ಏನು ಧಾಡಿ ಎಂದು ಕೇಳಿದ. ಇನ್ನೊಂದು ಪಾಳಿ ತಪ್ಪಿದರೆ ಅವಳು ಹುತ್ತ ಬಿಡಲೇಬೇಕು ಎಂದ. ಕೆಲವು ಇಲಿಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವು.

ಕಂಟೆವ್ವನಿಗೆ ನೋವಾಯಿತು. ಆದರೂ ಮೆಲ್ಲಗೆ ಹೇಳಿದಳು: "ಗೀರಪ್ಪ, ನಿನಗೆ ಮಾಗಿಯಲ್ಲೂ ಕಾಯಿ ಸಿಗುತ್ತೆ. ನನಗೆ ಒಂದು ಹುಳುವೂ ಸಿಗೋದಿಲ್ಲ. ಮಳೆಗಾಲದಲ್ಲಿ ಮೈಗೆ ಹತ್ತಿದ ಕೊಬ್ಬಿನಲ್ಲೇ ಮುಂದಿನ ಮಳೆಯವರೆಗೆ ಜೀವ ಹಿಡಿಯಬೇಕು. ನೀನು ಒಂದು ಸಲ ಎಬ್ಬಿಸಿದರೆ ಹತ್ತು ದಿನದ ಕೊಬ್ಬು ಕರಗಿಹೋಗುತ್ತೆ. ಇನ್ನು ನಾಲ್ಕು ಸಲ ಎಬ್ಬಿಸಿದರೆ ನಾನು ಏಳೋದೇ ಇಲ್ಲ."

ಆಗ ಸಣ್ಣವ್ವ ಎಂಬ ಇಲಿ ಮುಂದೆ ಬಂದಳು. ಅವಳಿಗೆ ಏಳು ಮರಿಗಳು, ಒಂದೂ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹಾಗೆ ನಿದ್ದೆಯಲ್ಲಿರುವವಳನ್ನು ಹೊರಗೆ ಹಾಕಿದರೆ ಚಳಿಯೋ ನರಿಯೋ ತಿಂದುಹಾಕುತ್ತದೆ, ಇದು ಕೊಲೆ ಮಾಡಿದ ಹಾಗೇ ಎಂದು ನೇರವಾಗಿ ಹೇಳಿಬಿಟ್ಟಳು. ಗೀರಪ್ಪ ಮಾತ್ರ ಕಟ್ಟಳೆ ಎಂದರೆ ಕಟ್ಟಳೆ ಎಂದು ಪಟ್ಟು ಹಿಡಿದ.

"ನನ್ನ ಪಾಳಿ ನಾನು ತಪ್ಪಿಸೋದಿಲ್ಲ," ಎಂದಳು ಕಂಟೆವ್ವ. "ನೀವು ನುಸುಳುವಷ್ಟು ಸಂದು ಬಿಟ್ಟು, ಓಣಿಯ ಇಕ್ಕಟ್ಟಿನಲ್ಲಿ ಮಲಗ್ತೀನಿ. ನಿದ್ದೆಯಲ್ಲೇ ಕಾಯ್ತೀನಿ."

ಇದಕ್ಕಂತೂ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಣ್ಣವ್ವನಿಗೂ ನಗು ತಡೆಯಲಾಗಲಿಲ್ಲ, ಪಾಪ. ಗೀರಪ್ಪ ಎಂಟು ದಿನದ ಗಡುವು ಕೊಟ್ಟ. ಅಷ್ಟರಲ್ಲಿ ಅವಳಿಂದ ಹುತ್ತಕ್ಕೆ ಏನೂ ಉಪಯೋಗವಾಗದಿದ್ದರೆ ತಾನೇ ಹೊರಗೆ ಉರುಳಿಸುವುದಾಗಿ ಹೇಳಿದ. ಅಲ್ಲಿಯವರೆಗೆ ಬಾಗಿಲ ಕಾವಲು ಹಗಲೂ ತನ್ನದೇ, ರಾತ್ರಿಯೂ ತನ್ನದೇ, ನಿದ್ದೆ ಬಿಡುವುದು ಹೇಗೆಂದು ಎಲ್ಲರೂ ನೋಡಿ ಕಲಿಯಲಿ ಎಂದು ಎದೆಯುಬ್ಬಿಸಿದ.

ಅಳಿಲು ರಾತ್ರಿ ಎಚ್ಚರವಿರುವ ಪ್ರಾಣಿಯೇ? ಅಲ್ಲ. ಅದು ಗೀರಪ್ಪನಿಗೂ ಗೊತ್ತಿತ್ತು. ಆದರೆ ಸಭೆಯಲ್ಲಿ ಆಡಿದ ಮಾತು ನೋಡಿ, ನುಂಗುವ ಹಾಗಿಲ್ಲ. ಮೂರು ಹಗಲು ಮೂರು ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ನಾಲ್ಕನೆಯ ದಿನ ಮಧ್ಯಾಹ್ನ ಮಾಗಿಯ ಬಿಸಿಲು ಬೆನ್ನಿಗೆ ಹಿತವಾಗಿ ತಾಗಿತು. ಒಂದೇ ಒಂದು ಸಲ ಕಣ್ಣು ಮುಚ್ಚಿ ತೆಗೆಯುತ್ತೇನೆ ಎಂದುಕೊಂಡ. ಮುಚ್ಚಿದ, ಅಷ್ಟೇ. ಕೊಂಬೆಯ ಮೇಲೆ ನಾಲ್ಕು ಕಾಲೂ ಜೋತುಬಿಟ್ಟು ಗೊರಕೆ ಹೊಡೆಯತೊಡಗಿದ.

ಆ ಹೊತ್ತಿಗೇ ಮುಂಗುಸಿ ಬಂತು. ಬಹಳ ದಿನದಿಂದ ಹೊಂಚು ಹಾಕುತ್ತಿದ್ದ ಮುಂಗುಸಿ ಅದು. ಮೇಲೆ ನೋಡಿತು, ಕಾವಲುಗಾರ ಗೊರಕೆಯಲ್ಲಿದ್ದಾನೆ. ಸದ್ದಿಲ್ಲದೆ ಬಾಗಿಲೊಳಗೆ ತಲೆ ತೂರಿಸಿತು. ಒಳಗಿನ ಕೋಣೆಯಲ್ಲಿ ಇಲಿಗಳಿಗೆ ಅದರ ವಾಸನೆ ಬಡಿಯಿತು. ಓಡಲು ಬೇರೆ ದಾರಿಯಿಲ್ಲ. ಸಣ್ಣವ್ವ ಏಳು ಮರಿಗಳ ಮೇಲೆ ಮೈ ಹಾಸಿ ಮಲಗಿ ಕಣ್ಣು ಮುಚ್ಚಿಕೊಂಡಳು.

ಮುಂಗುಸಿ ಓಣಿಯಲ್ಲಿ ತೆವಳಿತು. ಕತ್ತಲಲ್ಲಿ ದುಂಡನೆಯದೇನೋ ಸಿಕ್ಕಿತು. ಒಳ್ಳೇ ಕೊಬ್ಬಿದ ಇಲಿ ಎಂದುಕೊಂಡು ಬಾಯಿ ಹಾಕಿತು.

ಕಂಟೆವ್ವ ಏಳಲಿಲ್ಲ. ನಿದ್ದೆಯಲ್ಲೇ ಒಮ್ಮೆ "ಫುಸ್" ಎಂದು ಉಸಿರು ಬಿಟ್ಟು, ಇನ್ನಷ್ಟು ಬಿಗಿಯಾಗಿ ಸುರುಳಿ ಸುತ್ತಿಕೊಂಡಳು. ನೂರಾರು ಮುಳ್ಳು ಒಟ್ಟಿಗೆ ನಿಮಿರಿದವು. ಮುಂಗುಸಿಯ ಮೂಗಿಗೆ ಮುಳ್ಳು, ತುಟಿಗೆ ಮುಳ್ಳು, ನಾಲಗೆಗೂ ಮುಳ್ಳು. ತಿರುಗಿಕೊಳ್ಳೋಣವೆಂದರೆ ಓಣಿಯಲ್ಲಿ ಜಾಗವಿಲ್ಲ. ಕಾಲಿನಿಂದ ತಳ್ಳಿತು, ಕಾಲಿಗೂ ಚುಚ್ಚಿತು. ಕಿರುಚಿಕೊಳ್ಳುತ್ತಾ ಹಿಂದು ಹಿಂದಕ್ಕೇ ತೆವಳಿ ಹೊರಬಿದ್ದು, ಬಾಲ ಮುದುರಿಕೊಂಡು ಗುಡ್ಡ ಇಳಿದು ಓಡಿತು. ಮತ್ತೆಂದೂ ಅದು ಈ ಕಡೆ ಮೂತಿ ಹಾಕಲಿಲ್ಲ.

ಆ ಕಿರುಚಾಟಕ್ಕೆ ಗೀರಪ್ಪ ಬೆಚ್ಚಿ ಕೊಂಬೆಯಿಂದ ಕೆಳಗೆ ಬಿದ್ದ. ಓಡುತ್ತಿದ್ದ ಮುಂಗುಸಿಯ ಬಾಲ ಕಂಡಿತು. ಬಾಗಿಲಿಗೆ ಓಡಿದರೆ ಅಲ್ಲಿ ಕಂಟೆವ್ವ ತಣ್ಣಗೆ ಮಲಗಿದ್ದಾಳೆ. ಅವಳ ಹಿಂದಿನಿಂದ ಏಳು ಮರಿಗಳ ಕೀಚುದನಿ ಕೇಳಿಬಂತು. ಗೀರಪ್ಪ ಅಲ್ಲೇ ಕುಸಿದು ಕೂತು ಅತ್ತ.

ಇಲಿಗಳೆಲ್ಲ ಸೇರಿದಾಗ ಅವನು ಏನನ್ನೂ ಮುಚ್ಚಿಡಲಿಲ್ಲ. "ಎಚ್ಚರ ಇರ್ತೀನಿ ಅಂದವನು ನಾನು, ನಿದ್ದೆ ಮಾಡಿದೆ. ನಿದ್ದೆ ಮಾಡ್ತಾಳೆ ಅಂತ ನಾನು ಬೈದವಳು ನಮ್ಮೆಲ್ಲರ ಜೀವ ಉಳಿಸಿದಳು. ಹುತ್ತ ಬಿಡಬೇಕಾದವನು ನಾನು."

ಸಣ್ಣವ್ವ ಅವನನ್ನು ಹೋಗಲು ಬಿಡಲಿಲ್ಲ. ಮೊದಲು ಹೋಗಿ ಮಲಗು ಎಂದು ಗದರಿಸಿ ಗೂಡಿಗೆ ಕಳಿಸಿದಳು. ಆ ದಿನವೇ ಹಳೆಯ ಕಟ್ಟಳೆ ಹೋಯಿತು. ಹಗಲಿನವರಿಗೆ ಹಗಲು, ರಾತ್ರಿಯವರಿಗೆ ರಾತ್ರಿ, ಮಾಗಿಯಲ್ಲಿ ಮಲಗುವವರಿಗೆ ಓಣಿಯ ಇಕ್ಕಟ್ಟು. ಕಂಟೆವ್ವನ ಹತ್ತಿರ ಗಟ್ಟಿಯಾಗಿ ಯಾರೂ ಮಾತಾಡಬಾರದು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವನು ಗೀರಪ್ಪನೇ.

ಬೇಸಿಗೆಯ ಕೊನೆಗೆ ಒಂದು ಸಂಜೆ ಗುಡುಗಿತು. ಮೊದಲ ಮಳೆಯ ಹನಿ ಬಿದ್ದು ಮಣ್ಣಿನ ಘಮ ಓಣಿಯೊಳಗೆ ಬಂತು. ಮುಳ್ಳಿನ ಚೆಂಡು ಮೆಲ್ಲಗೆ ಬಿಚ್ಚಿಕೊಂಡಿತು. ಬಡಕಲಾಗಿದ್ದ ಕಂಟೆವ್ವ ಆಕಳಿಸುತ್ತಾ ಹೊರಬಂದರೆ, ಹುತ್ತಕ್ಕೆ ಹುತ್ತವೇ ಬಾಗಿಲಲ್ಲಿ ನಿಂತಿದೆ. ದೊಡ್ಡವರಾಗಿದ್ದ ಸಣ್ಣವ್ವನ ಏಳು ಮಕ್ಕಳು ತಲೆಗೊಂದು ಜೀರುಂಡೆ ಹಿಡಿದು ಸಾಲಾಗಿ ನಿಂತಿದ್ದಾರೆ. ಹೊತ್ತು ಮೆರೆಸೋಣವೆಂದರೆ ಮುಳ್ಳು ಚುಚ್ಚುತ್ತದೆ. ಅದಕ್ಕೆ ಎಲ್ಲರೂ ಅವಳ ಸುತ್ತ ಮಳೆಯಲ್ಲಿ ನೆನೆಯುತ್ತಾ ಕುಣಿದರು.

ಕಂಟೆವ್ವ ಕಕ್ಕಾಬಿಕ್ಕಿಯಾದಳು. ತಾನು ಗೆದ್ದ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಜೀರುಂಡೆಯನ್ನು ಕಟುಂ ಎಂದು ಕಡಿಯುತ್ತಾ ಕೇಳಿದಳು:

"ಏನ್ರೋ ಇದು ಸಡಗರ? ನಾನು ಮಲಗಿದ್ದಾಗ ಯಾರಾದರೂ ಬಂದಿದ್ದರಾ?"

ನೀತಿ: ಎಲ್ಲರ ಮೈಯೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವುದಿಲ್ಲ, ನಮ್ಮಂತೆ ಬದುಕದವರನ್ನು ಸೋಮಾರಿಗಳೆಂದು ಹಳಿಯಬಾರದು.