ಕರಡಿಯ ಮಾತಿಗೆ ಕೊಟ್ಟ ಕೂಲಿ

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ಒಂದು ಕಾಡಿನ ರಾಜ್ಯದಲ್ಲಿ ಗೊರವಂಕವ್ವ ಅಂತ ಒಂದು ಹಕ್ಕಿ ಇದ್ದಳು. ದಿನಾ ಸಂಜೆ ಆಲದ ಕಟ್ಟೆಯ ಮೇಲೆ ಯಾರನ್ನಾದರೂ ಕೂರಿಸಿ ಪ್ರಶ್ನೆ ಕೇಳುವುದು ಅವಳ ಕೆಲಸ. ಬಾಯಿ ಬಿಟ್ಟುಕೊಂಡು ಕೇಳುವುದು ಕಾಡಿನವರ ಕೆಲಸ. ತನ್ನಂಥ ಜಾಣೆ ಇಲ್ಲವೆಂದು ಅವಳಿಗೆ ಬಲು ನಂಬಿಕೆ.

ಜೇನುನೊಣಗಳು ಕೋಡುಗಲ್ಲಿನ ಸಂದಿಯಲ್ಲಿ ಮಳೆಗಾಲಕ್ಕೆಂದು ಕೂಡಿಟ್ಟ ಜೇನು ಹಿಂದೆ ಕರಡಿ ರಾಜನಾಗಿದ್ದ ಕಾಲದಲ್ಲಿ ಮಾಯವಾಗಿತ್ತು. ಕದ್ದವರು ಯಾರು? ಕರಡಿಯನ್ನೇ ಕೇಳೋಣವೆಂದು ಗೊರವಂಕವ್ವ ಹೋದಳು. ಪಟ್ಟ ಹೋದರೂ ತನ್ನ ಮಾತಿನ ಬೆಲೆ ಹೋಗಿಲ್ಲ, ಕಟ್ಟೆಗೆ ಬಂದು ಮಾತಾಡಲು ಸಲಕ್ಕೊಂದು ಜೇನುಹುಟ್ಟು ಕೊಡಬೇಕು ಎಂದ ಕರಡಿ. ನೊಣಗಳು ಮರಿಗಳ ಪಾಲಿನದನ್ನೇ ತಂದುಕೊಟ್ಟವು.

ಮೊದಲ ಸಂಜೆ ಕರಡಿ ಕಟ್ಟೆಯ ಮೇಲೆ ಕೂತು ಜೇನು ನೆಕ್ಕಿ, ಗಾಳಿಗೆ ಬಿದ್ದುಹೋಯಿತು ಎಂದ. ಎರಡನೆಯ ಸಂಜೆ ಜೇನು ನೆಕ್ಕಿ, ಇರುವೆಗಳು ಒಯ್ದವು ಎಂದ. ಮೂರನೆಯ ಸಂಜೆ ಜೇನು ನೆಕ್ಕಿ, ಹಿಂದಿನ ರಾಜನ ಕಾಲದಲ್ಲೇ ಖಾಲಿಯಾಗಿತ್ತು ಎಂದ. ಮೂರು ಸಲವೂ ಗೊರವಂಕವ್ವ ಕತ್ತು ಕೊಂಕಿಸಿ, "ಹೌದೇ, ಪ್ರಭು?" ಎಂದಳು.

ಮುದಿ ನೊಣವೊಂದು ಬಂದು ಹೇಳಿತು: "ಅವ್ವಾ, ಇನ್ನು ಒಂದೇ ಹುಟ್ಟು ಉಳಿದಿದೆ. ಅದೂ ಹೋದರೆ ಮರಿಗಳು ಮಳೆಗಾಲ ದಾಟುವುದಿಲ್ಲ. ನಿನ್ನ ಪ್ರಭುವಿಗೆ ಜೇನಿನ ರುಚಿ ಹತ್ತಿದ್ದು ಈಗಲೋ, ಪಟ್ಟದಲ್ಲಿದ್ದಾಗಲೋ?"

ಗೊರವಂಕವ್ವನಿಗೆ ತನ್ನ ಜಾಣತನ ನೆನೆದು ತನಗೇ ನಗು ಬಂತು. ಕದ್ದವನ ಬಾಯಿಗೆ ಜೇನು ಸುರಿದು, ಜೇನು ಕದ್ದವರು ಯಾರೆಂದು ಕೇಳಿದ್ದಳಲ್ಲ.

ಮರುದಿನ ಕರಡಿಗೆ ಕರೆ ಹೋಗಲಿಲ್ಲ. ಕಟ್ಟೆ ಹತ್ತಿದವನು ಮಂಗ. ಗೊರವಂಕವ್ವ ಹೇಳಿಕೊಟ್ಟಂತೆ, ಅಷ್ಟೂ ಜೇನು ಕದ್ದ ಶೂರ ತಾನೇ ಎಂದು ಎದೆ ತಟ್ಟಿಕೊಂಡ. ಕೂತವರೆಲ್ಲ ಭಲೇ ಎಂದರು. ತನ್ನ ಜಾಗದಲ್ಲಿ ಯಾರು ಕೂತಿದ್ದಾರೆಂದು ಇಣುಕಲು ಬಂದಿದ್ದ ಕರಡಿಗೆ ಹೊಟ್ಟೆ ಉರಿಯಿತು.

"ಲೇ ಮಂಗ, ಕೋಡುಗಲ್ಲು ಇಳಿಯೋಕೆ ನಿಮ್ಮಪ್ಪನಿಂದಲೂ ಆಗಲ್ಲ," ಎಂದು ಮುಂದೆ ನುಗ್ಗಿದ. "ಬೇರು ಹಿಡಿದು ತಲೆಕೆಳಗಾಗಿ ಇಳಿದವನು ನಾನು. ಬೇಕಾದರೆ ನನ್ನ ಗವಿಗೆ ಬಂದು ನೋಡಿ, ಅರ್ಧ ಇನ್ನೂ ಅಲ್ಲೇ ಇದೆ."

"ಈ ಮಾತಿಗೆ ಕೂಲಿ ಎಷ್ಟು, ಪ್ರಭು?" ಎಂದಳು ಗೊರವಂಕವ್ವ.

ಕರಡಿ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ನೊಣಗಳು ಎದ್ದಿದ್ದವು. ಅವನನ್ನು ಕಾಡಿನಾಚೆ ಅಟ್ಟಿ, ಗವಿಯ ಜೇನನ್ನು ಮರಿಗಳಿಗೆ ತಂದವು.

ನೀತಿ ಇಷ್ಟೇ: ಮಾಜಿ ದೊರೆಗೆ ಕೂಲಿ ಕೊಟ್ಟರೆ ಕತೆ ಹೇಳುತ್ತಾನೆ; ನಿಜವನ್ನು ಅವನ ಜಂಬ ಬಿಟ್ಟಿಯಾಗಿ ಹೇಳುತ್ತದೆ. ಇಷ್ಟು ತಿಳಿದೂ, ಟೀವಿಯಲ್ಲಿ ಮಾಜಿ ಮಂತ್ರಿ ಬಂದು ಕೂತರೆ ನಾವು ಹಾಲು ಉಕ್ಕಿದರೂ ಏಳುವುದಿಲ್ಲ. ಗೊರವಂಕವ್ವ ಮೂರು ಸಂಜೆಗೆ ಕಲಿತಳು, ನಾವು ಇನ್ನೂ "ಹೌದೇ?" ಅನ್ನುತ್ತಾ ಕೂತಿದ್ದೇವೆ.