ಬಲಗಾಲು ಮೊದಲು

ತುಂಗಭದ್ರೆಯ ದಡದ ಆ ಆಶ್ರಮದಲ್ಲಿ ಆಗ ಎಲ್ಲರೂ ನಂಬಿದ್ದರು: ಹೊಳೆಯ ಮೆಟ್ಟಿಲು ಇಳಿಯುವಾಗ ಬಲಗಾಲು ಮೊದಲು, ಹತ್ತುವಾಗ ಎಡಗಾಲು ಮೊದಲು. ಹಾಗಲ್ಲದೆ ಮಿಂದರೆ ಅದು ಸ್ನಾನವೇ ಅಲ್ಲ.

ಇದನ್ನು ಯಾರೂ ಬೋಧಿಸಿರಲಿಲ್ಲ. ಗುರುಗಳು ಒಂದು ಚಳಿಗಾಲ ಎಲ್ಲಿಗೋ ಹೋಗಿ ಬಂದರು. ಎಲ್ಲಿಗೆ ಎಂದು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಹಿಮಾಲಯಕ್ಕೆ ಎಂದು ಭಕ್ತರೇ ತೀರ್ಮಾನಿಸಿದರು. ಮರಳಿ ಬಂದ ಗುರುಗಳು ಹಾಗೆ ಇಳಿದರು, ಹಾಗೆ ಹತ್ತಿದರು. ನೋಡಿದವರೂ ಹಾಗೇ ಮಾಡಿದರು. ಬಲಗಾಲಿಗೂ ಸೂರ್ಯನಾಡಿಗೂ ಇರುವ ನಂಟಿನ ಬಗ್ಗೆ ಒಬ್ಬ ಪಂಡಿತರು ಮೂರು ಸಂಜೆ ಉಪನ್ಯಾಸ ಕೊಟ್ಟರು. ಆಮೇಲೆ ಅನುಮಾನ ಯಾರಿಗೂ ಉಳಿಯಲಿಲ್ಲ.

ಹಾಲಪ್ಪನಿಗಂತೂ ಮೊದಲೂ ಇರಲಿಲ್ಲ.

ಹಾಲಪ್ಪ ಸರ್ವೆ ಇಲಾಖೆಯಲ್ಲಿ ಆಯುಸ್ಸು ಸವೆಸಿ, ನಿವೃತ್ತನಾಗಿ ಆಶ್ರಮ ಸೇರಿದವನು. ಆಯುಸ್ಸಿನ ಜೊತೆಗೆ ಎಡ ಸೊಂಟದ ಕೀಲೂ ಸವೆದಿತ್ತು. ವರ್ಷಗಟ್ಟಲೆ ಮೈಯನ್ನು ಒಂದೇ ಕಡೆಗೆ ವಾಲಿಸಿಕೊಂಡು ಕುಂಟಿದ. ಕೊನೆಗೆ ಆಪರೇಷನ್ ಮಾಡಿ ಹೊಸ ಕೀಲು ಕೂರಿಸಿದರು. ಆಶ್ರಮಕ್ಕೆ ಮರಳಿದಾಗ ಸೊಂಟದ ಹಳೇ ನೋವು ಇರಲಿಲ್ಲ.

ಬೆನ್ನು ನೋಯುತ್ತಿತ್ತು.

ಮೊದಲು ಸ್ವಲ್ಪ. ಹೊಳೆಗೆ ಹೋಗಿಬರಲು ಶುರುಮಾಡಿದ ಮೇಲೆ ಜಾಸ್ತಿ. ಒಂದು ಬೆಳಿಗ್ಗೆ ಮೆಟ್ಟಿಲ ನಡುವೆ ಎಡಗಾಲು ಗಡಗಡ ನಡುಗಿ ಮಡಚಿಕೊಂಡಿತು. ಊರುಗೋಲು ಕೈತಪ್ಪಿ ನೀರಿಗೆ ಬಿತ್ತು. ಪಕ್ಕದ ಕಂಬಿ ಕೈಗೆ ಸಿಕ್ಕಿದ್ದರಿಂದ ಹಾಲಪ್ಪ ಬೀಳಲಿಲ್ಲ.

ಅಂದಿನಿಂದ ಅವನು ಹೊಳೆಯ ಕಡೆ ಹೋಗಲಿಲ್ಲ. ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಬಿಟ್ಟರೆ, ಮಂಚ ಬಿಟ್ಟೂ ಏಳಲಿಲ್ಲ.

ಆ ಮಂಚದಲ್ಲಿ ಅವನಿಗಿಂತ ಮುಂಚೆ ಇದ್ದವನು ಸಿದ್ದಣ್ಣ. ಅದೇ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ಇಲ್ಲಿ ಮಲಗಿದವನು ಮತ್ತೆ ಎದ್ದಿರಲಿಲ್ಲ. ಪಕ್ಕದ ಗೋಡೆಯಲ್ಲಿ ಅವನ ಕೈ ತಗುಲಿ ತಗುಲಿ ಸುಣ್ಣ ಕಪ್ಪಾಗಿತ್ತು. ಹಾಲಪ್ಪ ಮಲಗಿದಲ್ಲಿಂದಲೇ ಕೈ ಚಾಚಿ ನೋಡಿದ. ಅವನ ಕೈಯೂ ಸರಿಯಾಗಿ ಅಲ್ಲಿಗೇ ಎಟುಕಿತು.

ಅಡುಗೆಮನೆಯ ದೇವೀರಮ್ಮ ಗಂಜಿ ತಂದಳು. ಹಾಲಪ್ಪ ಟೇಪು ಹಿಡಿದು ಕಾಲು ಅಳೆಯುತ್ತಿದ್ದ.

"ಏನು ಹಾಲಪ್ಪಣ್ಣ, ಇವತ್ತೂ ಸರ್ವೇನಾ?"

"ಎಡಗಾಲು ಉದ್ದ ಮಾಡಿಬಿಟ್ಟಿದಾರೆ ಕಣಮ್ಮ. ಅದಕ್ಕೇ ಬೆನ್ನು ಎಳೀತಿದೆ."

"ನಿನ್ನೆ ಬಲಗಾಲು ಉದ್ದ ಅಂದ್ರಿ."

"ನಿನ್ನೆ ಟೇಪು ಸರಿಯಾಗಿ ಹಿಡಿದಿರಲಿಲ್ಲ."

"ಊರವರ ಹೊಲಾನೂ ಹಿಂಗೇ ಅಳೆದ್ರಾ? ಅದಕ್ಕೇ ಕೋರ್ಟಲ್ಲಿ ಅಷ್ಟೊಂದು ಕೇಸು."

ಅವಳು ನಕ್ಕಳು. ಹಾಲಪ್ಪ ನಗಲಿಲ್ಲ.

"ಕೀಲು ಮೇಲಕ್ಕೆ ಸರೀತಾ ಇದೆ ದೇವೀರಮ್ಮ. ಬೆನ್ನಿಗೆ ಏರ್ತಾ ಇದೆ. ನನಗೆ ಗೊತ್ತಾಗುತ್ತೆ."

ಅವಳ ನಗು ನಿಂತಿತು. ಗಂಜಿ ಅಲ್ಲೇ ಇಟ್ಟು ಗುರುಗಳಿಗೆ ಹೇಳಲು ಹೋದಳು.

ಗುರುಗಳು ಕೋಲು ಊರಿಕೊಂಡು ಬಂದರು. ನೆಲದ ಮೇಲೆ ಕೂರುವುದನ್ನು ಅವರು ಬಿಟ್ಟು ಬಹಳ ಕಾಲವಾಗಿತ್ತು. ಅದಕ್ಕೂ ಪಂಡಿತರ ಬಳಿ ಒಂದು ಕಾರಣವಿತ್ತು. ದೇವೀರಮ್ಮ ಎತ್ತರದ ಸ್ಟೂಲು ತಂದಿಟ್ಟಳು.

"ಏನು ಹೆದರಿಕೆ?"

"ನೋವು, ಗುರುಗಳೇ."

"ನೋವು ಕೇಳಲಿಲ್ಲ ನಾನು."

ಹಾಲಪ್ಪ ಗೋಡೆಯ ಕಪ್ಪು ಕಲೆ ತೋರಿಸಿದ. ಗುರುಗಳು ಅದನ್ನು ನೋಡಿದರು.

"ಆಸ್ಪತ್ರೆಯಲ್ಲಿ ಏನಂದರು?"

"ಎಕ್ಸ್‌ರೇ ತೆಗೆದರು. ಕೀಲು ಕೂತಲ್ಲೇ ಕೂತಿದೆಯಂತೆ. ಕಾಲೆರಡೂ ಸಮವಂತೆ."

"ಮತ್ತೇನು?"

"ಆಪರೇಷನ್ ಮಾಡಿದವರೇ ಅದು ಸರಿಯಿಲ್ಲ ಅಂತಾರಾ, ಗುರುಗಳೇ?"

ಗುರುಗಳು ಬಗ್ಗದೆ, ಕೂತಲ್ಲಿಂದಲೇ ಕೋಲು ಚಾಚಿ, ಮಂಚದ ಕೆಳಗಿದ್ದ ಹಳೆಯ ಚಪ್ಪಲಿಗಳನ್ನು ಎಳೆದರು. ಒಂದರ ಹಿಮ್ಮಡಿ ಹಪ್ಪಳದಷ್ಟು ತೆಳು. ಇನ್ನೊಂದು ಇನ್ನೂ ಗಟ್ಟಿಯಾಗಿತ್ತು.

"ಇದು ಹೀಗೇಕಾಯಿತು?"

"ಕುಂಟಿ ಕುಂಟಿ ಸವೆದದ್ದು."

"ಇದರ ಜೊತೆ ನಿನ್ನ ಬೆನ್ನೂ ನಡೆದಿದೆಯಲ್ಲ. ಡೊಂಕಾಗಿ ಇರೋದನ್ನ ವರ್ಷಗಟ್ಟಲೆ ಕಲಿತಿದೆ. ಈಗ ಕಾಲು ನೆಟ್ಟಗಾಯಿತು. ಬೆನ್ನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ."

"ಯಾವಾಗ ಮುಟ್ಟುತ್ತೆ?"

"ನಡೆದರೆ ಮುಟ್ಟುತ್ತೆ. ಇಲ್ಲಿ ಮಲಗಿದ್ದರೆ ಮುಟ್ಟಲ್ಲ. ಸಿದ್ದಣ್ಣ ಮಲಗಿದ್ದನಲ್ಲ, ನೋಡಿದೆಯಲ್ಲ."

ಚಪ್ಪಲಿಗಳನ್ನು ಕೋಲಿನಿಂದಲೇ ಬಾಗಿಲಾಚೆ ತಳ್ಳಿದರು.

"ಏಳು. ಹೊಳೆಗೆ ಹೋಗೋಣ."

ಹಾಲಪ್ಪ ಬರಿಗಾಲಲ್ಲಿ ಹೊರಟ. ಮೆಟ್ಟಿಲ ತಲೆಯವರೆಗೆ ಹೋಗುವಷ್ಟರಲ್ಲಿ ಅಂಗಿ ಬೆವರಿಗೆ ಅಂಟಿತ್ತು. ಕೆಳಗೆ ಕಲ್ಲುಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ನೀರು ಸದ್ದು ಮಾಡದೆ ಹರಿಯುತ್ತಿತ್ತು. ಸಿದ್ದಣ್ಣ ಜಾರಿದ ಮೆಟ್ಟಿಲು ಯಾವುದೆಂದು ಅವನಿಗೆ ಗೊತ್ತಿತ್ತು. ಅದನ್ನು ಬಿಟ್ಟು ಬೇರೆ ಯಾವುದೂ ಕಾಣಲಿಲ್ಲ.

"ಇಳಿ."

ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಹೊಸ ಊರುಗೋಲು. ಹಾಲಪ್ಪ ಬಲಗಾಲು ಮುಂದೆ ಚಾಚಿದ. ಮೈಭಾರವೆಲ್ಲ ಎಡಗಾಲಿನ ಮೇಲೆ ಬಂತು. ಕಾಲು ನಡುಗಿತು. ಸೊಂಟದಿಂದ ಬೆನ್ನಿಗೆ ಕೆಂಡ ಹರಿದಂತಾಯಿತು. ಬಲಗಾಲನ್ನು ಹಿಂದಕ್ಕೆ ಎಳೆದುಕೊಂಡು ಊರುಗೋಲಿನ ಸಮೇತ ಎರಡೂ ಕೈಯಲ್ಲಿ ಕಂಬಿ ತಬ್ಬಿದ.

"ಆಗಲ್ಲ ಗುರುಗಳೇ. ಬೀಳ್ತೀನಿ."

"ಬೀಳ್ತೀಯ," ಗುರುಗಳು ಒಪ್ಪಿದರು. "ಹಾಗೆ ಇಳಿದರೆ ಬೀಳ್ತೀಯ. ಮೆಟ್ಟಿಲು ಇಳಿಯೋದು ಹೇಗೆ ಅಂತ ಆಸ್ಪತ್ರೆಯಲ್ಲಿ ಹೇಳಿಕೊಡಲಿಲ್ಲವೇ?"

"ಕೊಟ್ಟರು. ಫಿಸಿಯೋಥೆರಪಿಯವರು."

"ಏನಂತ?"

"ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಹತ್ತುವಾಗ ಗಟ್ಟಿ ಕಾಲು ಮೊದಲು."

"ಮತ್ತೆ?"

"ಅವರು ಇಂಗ್ಲಿಷ್ ಓದಿದವರು, ಗುರುಗಳೇ. ನಮ್ಮ ಕ್ರಮ ಅವರಿಗೇನು ಗೊತ್ತು?"

ಗುರುಗಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. ಹಿಂದೆ ನಿಂತಿದ್ದ ದೇವೀರಮ್ಮ ಅದನ್ನು ಧ್ಯಾನ ಎಂದುಕೊಂಡು ಕೈಮುಗಿದಳು.

"ಹಾಲಪ್ಪ, ಎಡಗಾಲು ಮೊದಲು ಇಡು."

"ಗುರುಗಳೇ!"

"ಇಡು ಮಾರಾಯ."

ಹಾಲಪ್ಪ ಊರುಗೋಲನ್ನು ಕೆಳಗಿನ ಕಲ್ಲಿಗೆ ಊರಿದ. ಉಸಿರು ಬಿಗಿಹಿಡಿದು ಎಡಗಾಲು ಇಳಿಸಿದ. ಬಲಗಾಲು ಭಾರ ಹೊತ್ತು ಅವನನ್ನು ಮೆಲ್ಲಗೆ ಕೆಳಗೆ ಬಿಟ್ಟಿತು. ಬೆನ್ನು ನೋಯಿತು. ಆದರೆ ಕೆಂಡ ಹರಿಯಲಿಲ್ಲ.

ಇನ್ನೊಂದು ಮೆಟ್ಟಿಲು. ಮತ್ತೊಂದು. ಸಿದ್ದಣ್ಣನ ಮೆಟ್ಟಿಲು ಬಂತು. ಅಲ್ಲಿ ಅವನು ಬಹಳ ಹೊತ್ತು ನಿಂತ. ಆಮೇಲೆ ಅದೂ ಹಿಂದಾಯಿತು.

ನೀರು ಪಾದಕ್ಕೆ ತಣ್ಣಗೆ ತಾಗಿದಾಗ ಹಾಲಪ್ಪ ಕಂಬಿ ಹಿಡಿದು ಮೇಲೆ ನೋಡಿದ. ಬೀಳುವ ಹೆದರಿಕೆ ಹೋದ ಜಾಗಕ್ಕೆ ಬೇರೊಂದು ಹೆದರಿಕೆ ಬಂದು ಕೂತಿತ್ತು.

"ಕ್ರಮ ಮುರಿದೆ, ಗುರುಗಳೇ. ನನಗೇನೂ ಆಗಲ್ಲವೇ?"

"ಬೆನ್ನು ಇನ್ನೂ ಕೆಲವು ದಿನ ನೋಯುತ್ತೆ."

"ಅದಲ್ಲ. ನೀವು ಒಂದು ದಿನವೂ ಎಡಗಾಲು ಮೊದಲು ಇಟ್ಟದ್ದು ನಾನು ಕಂಡಿಲ್ಲ. ನೀವು ಬಲಗಾಲನ್ನೇ ಇಡೋದು ಏಕೆ?"

ಗುರುಗಳು ಕಂಬಿ ಹಿಡಿದರು. ಕೋಲನ್ನು ಕೆಳಗಿನ ಕಲ್ಲಿಗೆ ಊರಿದರು. ಎಂದಿನಂತೆ ಬಲಗಾಲನ್ನು ಮೊದಲು ಇಳಿಸಿದರು.

"ನನಗೆ ಆಪರೇಷನ್ ಆದದ್ದು ಬಲಗಡೆ."