ಮೂರು ಸಲ ನಿಂತ ತೋಡಿ

ತೋಂಟೇಶ ಕೈಯಲ್ಲೊಂದು ಕಾಗದ ಹಿಡಿದು ಬಂದಾಗ ನಿಂಗಯ್ಯ ಗುರುಗಳು ಹೊಳೆದಂಡೆಯ ಮಠದ ಕಟ್ಟೆಯ ಮೇಲೆ ಕೂತು ಪಂಚೆ ಹಿಂಡುತ್ತಿದ್ದರು.

“ಒಂದು ಸಹಿ ಬೇಕಾಗಿತ್ರಿ, ಗುರುಗಳ.”

“ಯಾತಕ್ಕೋ?”

“ಕಾಲೇಜಿಗ್ರಿ. ನಾಳೆ ಕಡೇ ದಿನ.”

ಅವನು ಬಿ.ಎ. ಕೊನೆಯ ವರ್ಷದಲ್ಲಿದ್ದ. ಸಂಗೀತ ಒಂದು ವಿಷಯ, ಮನಃಶಾಸ್ತ್ರ ಇನ್ನೊಂದು. ಸಂಗೀತ ಕಾಲೇಜಿನಲ್ಲಿ ಅರ್ಧ ಕಲಿತರೆ ಈ ಕಟ್ಟೆಯ ಮೇಲೆ ಅರ್ಧ. ಬರುವ ಗುರುಪೂರ್ಣಿಮೆಗೆ ಗುರುಗಳು ಅವನ ಮುಂಗೈಗೆ ದಾರ ಕಟ್ಟುವವರಿದ್ದರು. ಆ ದಾರ ಬಿದ್ದ ಮೇಲೆಯೇ ಶಿಷ್ಯ ಅನ್ನಿಸಿಕೊಳ್ಳುವುದು; ಅಲ್ಲಿಯತನಕ ಬರೇ ಕಲಿಯಲು ಬರುವವ. ನಾಲ್ಕು ವರ್ಷದಿಂದ ತೋಂಟೇಶ ಅದಕ್ಕೇ ಕಾದಿದ್ದ.

“ಏನೈತಿ ಅದರಾಗ, ನೀನ ಓದು. ಕನ್ನಡಕ ಒಳಗದಾವ.”

“‘ಈ ಪ್ರಯೋಗದಲ್ಲಿ ನಾನು ಸ್ವಇಚ್ಛೆಯಿಂದ ಪ್ರಯೋಗಾರ್ಥಿಯಾಗಿ ಭಾಗವಹಿಸಿರುತ್ತೇನೆ.’”

“ಪ್ರಯೋಗಾರ್ಥಿ ಅಂದ್ರ?”

“ಯಾರ ಮ್ಯಾಲೆ ಪ್ರಯೋಗ ಮಾಡ್ತೀವಲ್ರಿ, ಅವರು.”

“ಇಲಿ ಇದ್ದಂಗ.”

“ಛೇ, ಹಂಗಲ್ರಿ. ಇಲಿ ಸಹಿ ಯಾರು ಕೇಳ್ತಾರ?”

ಗುರುಗಳು ನಕ್ಕರು. “ಹೌದ ಬಿಡು. ಮತ್ತ ನನ್ನ ಮ್ಯಾಲೆ ಯಾವಾಗ ಮಾಡಿದ್ಯೋ?”

ತೋಂಟೇಶ ನೆಲ ನೋಡಿದ. “ಹೋದ ತಿಂಗಳು ತೋಡಿ ಹಾಡಿದ್ರಲ್ರಿ, ಅವತ್ತು.”

ನಗು ನಿಂತಿತು.

ಹೆಂಡತಿ ನೀಲವ್ವ ತೀರಿಕೊಂಡ ಮೇಲೆ ಗುರುಗಳು ಹಾಡಿರಲಿಲ್ಲ. ಪಾಠವನ್ನೆಲ್ಲ ಬಾಯಿಮಾತಿನಲ್ಲೇ ಹೇಳುತ್ತಿದ್ದರು: ಇಲ್ಲಿ ಏರು, ಇಲ್ಲಿ ಇಳಿ, ಇಲ್ಲಿ ನಿಲ್ಲು. ಹನ್ನೊಂದು ತಿಂಗಳು ಹಾಗೇ ಹೋಯಿತು. ಆಮೇಲೆ ತೋಂಟೇಶ ಗಂಟುಬಿದ್ದ. ಪರೀಕ್ಷೆಗೆ ತೋಡಿ ರಾಗ ಇಟ್ಟಿದ್ದಾರೆ, ಒಂದೇ ಒಂದು ಸಲ ಹಾಡಿ ತೋರಿಸಿ ಎಂದು ಬೆನ್ನುಹತ್ತಿದ. ಒಂದು ಬೆಳಿಗ್ಗೆ ಗುರುಗಳು ಒಪ್ಪಿಕೊಂಡರು.

ಪರೀಕ್ಷೆಗೆ ತೋಡಿ ಇರಲಿಲ್ಲ.

“ಏನು ಬರದೀ, ಅದನ್ನೂ ಓದು.”

ತೋಂಟೇಶ ಚೀಲದಿಂದ ಮನಃಶಾಸ್ತ್ರದ ರೆಕಾರ್ಡ್ ಪುಸ್ತಕ ತೆಗೆದ. ಅಳುಕಿನ ಕೆಳಗೆ ಸಣ್ಣದೊಂದು ಹೆಮ್ಮೆಯೂ ಇತ್ತು. ಆ ಪುಟದ ಮೇಲೆ ವಿಭಾಗದ ಮುಖ್ಯಸ್ಥರು ಕೆಂಪು ಶಾಯಿಯಲ್ಲಿ ‘ಅತ್ಯುತ್ತಮ’ ಎಂದು ಗೀಚಿದ್ದರು. ಇದನ್ನು ತೋರಿಸಿಯೇ ಎಂ.ಎ.ಗೆ ಶಿಫಾರಸು ಮಾಡುತ್ತೇನೆ ಅಂದಿದ್ದರು.

“‘ಪ್ರಯೋಗಾರ್ಥಿ, ಅರವತ್ತೆಂಟು ವರ್ಷ, ವಿಧುರ. ಹಾಡುವಾಗ ಮೂರು ಸಲ ನಿಲ್ಲಿಸಿದರು. ಮೊದಲ ಸಲ ಹನ್ನೆರಡು ಸೆಕೆಂಡು. ಎರಡನೆಯ ಸಲ ಹತ್ತೊಂಬತ್ತು. ಮೂರನೆಯ ಸಲ ಕಣ್ಣು ಮುಚ್ಚಿ ಮೂವತ್ತನಾಲ್ಕು. ಮೌನ ಬೆಳೆಯುತ್ತ ಹೋದದ್ದು, ಅದುಮಿಟ್ಟ ದುಃಖ ಮೇಲೆ ಬರುತ್ತಿರುವುದರ ಲಕ್ಷಣ.’ ನಿಮ್ಮ ಹೆಸರು ಎಲ್ಲೂ ಹಾಕಿಲ್ರಿ, ಗುರುಗಳ.”

“ಅವತ್ತು ತಂಬೂರಿ ಯಾರು ಹಿಡಿದಿದ್ರು?”

“ನಾನ ರೀ.”

“ಸೆಕೆಂಡು ಎಣಿಸಿದವರು?”

“ಅದೂ ನಾನ. ಎಡಗೈಯಾಗ ಗಡಿಯಾರ ಇತ್ತು.”

ಗುರುಗಳು ಪಂಚೆಯನ್ನು ಇನ್ನೊಂದು ಸುತ್ತು ಹಿಂಡಿದರು. ನೀರು ಬರಲಿಲ್ಲ.

“ಪಂಚಮದ ತಂತಿ ಶ್ರುತಿ ಬಿಟ್ಟು ಇಳಿದಿತ್ತು,” ಅಂದರು.

ತೋಂಟೇಶ ಪುಸ್ತಕದಿಂದ ತಲೆ ಎತ್ತಿದ.

“ಮೊದಲನೇ ಸಲ ನಿಂತೆ, ನೀ ಬಿರಡಿ ತಿರುವಿ ತಂತಿ ಏರಸ್ತೀ ಅಂತ. ಏರಸಲಿಲ್ಲ. ಎರಡನೇ ಸಲ ನಿಂತೆ, ಈಗರೆ ಕೇಳಿಸೀತು ಅಂತ. ನೀ ತಂಬೂರಿ ತೊಡಿ ಮ್ಯಾಲಿಟ್ಟು ಏನೋ ಬರಕೊಂತ ಕುಂತಿದ್ದಿ. ನಾ ತಿಳಿದೆ, ಸ್ವರ ಬರಕೊಳ್ಳಾಕತ್ತಾನ, ಪಾಪ.”

“ಮತ್ತ ಮೂರನೇ ಸಲ?”

“ಅಕಿ ಹೆಸರಿಲೆ ಹಾಡಬೇಕಂತ ಕುಂತಿದ್ದೆನೋ. ಇಳಿದ ತಂತಿ ಮ್ಯಾಲೆ ಹೆಂಗ ಹಾಡ್ಲಿ? ಕಣ್ಣು ಮುಚ್ಚಿ ಅಕಿನ್ನ ಮನಸಿನಿಂದ ಕಳಿಸಿಬಿಟ್ಟೆ. ಮುಂದ ಹಾಡಿದ್ದೆಲ್ಲ ನಿನ್ನ ಪರೀಕ್ಷೆಗೆ.”

ಕೆಳಗೆ ಹೊಳೆಯಲ್ಲಿ ಯಾರೋ ಕಲ್ಲಿಗೆ ಬಟ್ಟೆ ಬಡಿಯುತ್ತಿದ್ದರು. ತೋಂಟೇಶನಿಗೆ ಆ ಸಪ್ಪಳ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

“ಈಗೇನು ಮಾಡ್ಲಿ ರೀ?”

“ಬರಿ. ತಂತಿ ಇಳಿದಿತ್ತು, ಹಿಡಿದವಗ ಕೇಳಿಸಲಿಲ್ಲ ಅಂತ. ಎರಡು ಸಾಲು. ಹುಣ್ಣಿವಿ ತನಕ ಯಾಕ, ಇವತ್ತ ದಾರ ಕಟ್ತೇನಿ.”

“ಹಂಗ ಬರದ್ರ ಪ್ರಯೋಗನ ಉಳಿಯಂಗಿಲ್ರಿ. ಅದೂ ಸಂಗೀತ ಓದಾವಗ ಶ್ರುತಿ ತಪ್ಪಿದ್ದು ಗೊತ್ತಾಗಲಿಲ್ಲ ಅಂದ್ರ, ಎಲ್ಲಾರೂ ನಗ್ತಾರ.”

“ನಗ್ತಾರ.”

“ಬರೀದಿದ್ರ?”

“ಬರೀದಿದ್ರೂ ಸಹಿ ಮಾಡ್ತೇನಿ. ಹಾಡಿದ್ದು ಖರೆ, ನಿಂತದ್ದೂ ಖರೆ. ಆದ್ರ ದಾರದ ಮಾತು ಇನ್ನ ತೆಗೀಬ್ಯಾಡ.”

ತೋಂಟೇಶ ಪುಟ ನೋಡಿದ. ಕೆಂಪು ಅಕ್ಷರ ನೋಡಿದ. ಗುರುಗಳ ಸಿಟ್ಟು ಎಂದೂ ವಾರದ ಮೇಲೆ ಇದ್ದದ್ದಿಲ್ಲ ಎಂದು ನೆನೆದುಕೊಂಡ. ಕಾಲೇಜಿನ ಕಡೇ ದಿನ ಮಾತ್ರ ನಾಳೆಯೇ.

ಪೆನ್ನಿನ ಮುಚ್ಚಳ ತೆಗೆದು ಗುರುಗಳ ಕಡೆ ಚಾಚಿದ.

ಗುರುಗಳು ಪಂಚೆ ಪಕ್ಕಕ್ಕಿಟ್ಟು ಪೆನ್ನು ತೆಗೆದುಕೊಂಡರು. “ಎಲ್ಲಿ ಮಾಡ್ಲಿ, ತೋರಸು.”

ಬೆರಳಿಟ್ಟು ತೋರಿಸಿದ. ಗುರುಗಳು ಅಪ್ಪನ ಹೆಸರು, ಊರ ಹೆಸರು ಎಲ್ಲ ಸೇರಿಸಿ ನಿಧಾನವಾಗಿ ಸಹಿ ಮಾಡಿದರು. ತೋಂಟೇಶ ಶಾಯಿ ಆರಲೆಂದು ಊದಿದ, ಕಾಗದವನ್ನು ಪುಸ್ತಕದೊಳಗೆ ಇಟ್ಟ, ಪುಸ್ತಕವನ್ನು ಚೀಲದೊಳಗೆ ಇಟ್ಟ. ಆಮೇಲೆ ದಿನದ ರೂಢಿಯಂತೆ ಬಗ್ಗಿ ಕಾಲಿಗೆ ಕೈ ಚಾಚಿದ.

ಗುರುಗಳು ಎರಡೂ ಕಾಲನ್ನು ಕಟ್ಟೆಯ ಮೇಲಕ್ಕೆ ಎಳೆದುಕೊಂಡರು.

“ಕಾಲಿಗೆ ಬೀಳೂದು ಗುರುವಿಗಪಾ. ಪ್ರಯೋಗಾರ್ಥಿಗೆ ಥ್ಯಾಂಕ್ಸ್ ಅಂದ್ರ ಸಾಕು.”